ಅಪ್‌ಡೇಟ್: ಅಪ್ಪನ ಬಲಗೈ
ಸ್ಟ್ರೋಕ್ ಆಗಿ 3 ತಿಂಗಳಾದರೂ ಅಪ್ಪನ ಬಲಗೈ ಮೇಲೇಳುತ್ತಿಲ್ಲ, ಮನೆಯಲ್ಲಿ ಏನು ಮಾಡಿಸಬಹುದು ಅಂತ ಕೇಳಿದ್ದೆ. ಈಗ 5ನೇ ತಿಂಗಳು. ಕನ್ನಡಿ ಇಟ್ಟು ಮಾಡಿಸಿ ಅಂದವರಿಗೆ ಥ್ಯಾಂಕ್ಸ್. ಫಿಸಿಯೋ ಅವರನ್ನು ಕೇಳಿಕೊಂಡೇ ಶುರು ಮಾಡಿದೆವು. ಮೇಜಿನ ಮೇಲೆ ಕನ್ನಡಿ, ಬಲಗೈ ಅದರ ಹಿಂದೆ. ಎಡಗೈ ಆಡಿಸುತ್ತಾ ಕನ್ನಡಿ ನೋಡಿದರೆ ಬಲಗೈಯೇ ಆಡಿದಂತೆ ಕಾಣುತ್ತದೆ. ಮೊದಲ ವಾರ ‘ಇದೇನು ಮಕ್ಕಳಾಟ’ ಅಂತ ಬೈದರು!

ಜೊತೆಗೆ ಹುಣಸೆ ಬೀಜ ಒಂದೊಂದೇ ಎತ್ತಿ ಲೋಟಕ್ಕೆ ಹಾಕಿಸುತ್ತೇವೆ. ಮೊನ್ನೆ 11 ಬಿತ್ತು, 12ನೆಯದು ಸೋಫಾ ಕೆಳಗೆ ಹೋಯಿತು.

ನಮ್ಮದೇ ಒಂದು ತಪ್ಪಿತ್ತು. ಎಬ್ಬಿಸುವಾಗ ಆ ಕೈ ಹಿಡಿದೇ ಎಳೆಯುತ್ತಿದ್ದೆವು. ಸ್ನಾಯು ಸೋತಾಗ ಭುಜದ ಕೀಲು ಸಡಿಲ ಇರುತ್ತದಂತೆ, ಎಳೆದರೆ ನೋವು ಜಾಸ್ತಿ. ಈಗ ಬೆನ್ನಿಗೆ ಆಸರೆ ಕೊಟ್ಟು ಎಬ್ಬಿಸುತ್ತೇವೆ.

ಮಡಚಿದ ಬೆರಳು ಬಿಡಿಸೋದು ಇನ್ನೂ ಕಷ್ಟ. ಅಂಗಿ ಗುಂಡಿ ಅಮ್ಮನೇ ಹಾಕಬೇಕು.