ಶಾಲೆಯ ಕಾಗದ ನಿಮ್ಮ ಮನೆಯಲ್ಲಿ ಯಾರು ಓದುತ್ತಾರೆ?

"ಮಕ್ಕಳು ಭಾಷೆ ಬೇಗ ಕಲಿತುಬಿಡುತ್ತಾರೆ, ನಮಗೇನು ಚಿಂತೆ" ಅಂತ ಮ್ಯೂನಿಕ್‌ಗೆ ಬರಲಿರುವವರೊಬ್ಬರು ನಮ್ಮ ಕನ್ನಡ ಗುಂಪಿನಲ್ಲಿ ಬರೆದಿದ್ದಾರೆ. ಏಳು ವರ್ಷದ ಹಿಂದೆ ನಾವೂ ಹೀಗೇ ಅಂದುಕೊಂಡು ಬಂದೆವು.

ಆಫೀಸಿನಲ್ಲಿ ನನಗೆ ಇಂಗ್ಲಿಷ್ ಸಾಕಾಗಿತ್ತು. ಕಿಂಡರ್‌ಗಾರ್ಟನ್ ಸೇರಿದ ವರ್ಷವೇ ಮಗ ಬೇಕರಿಯಲ್ಲಿ ನಮ್ಮ ಪರವಾಗಿ ಬ್ರೆಡ್ ಕೇಳಿದ. ಎಷ್ಟು ಖುಷಿಪಟ್ಟೆವು! ಆಮೇಲೆ ಕೆಳಗಿನ ಮನೆಯವರು ಏನಾದರೂ ಹೇಳಲು ಬಂದರೆ ಅವನೇ ಬಾಗಿಲಿಗೆ ಹೋಗತೊಡಗಿದ. ಶಾಲೆಯ ಕಾಗದಗಳನ್ನೂ ಅವನೇ ಓದಿ ಹೇಳುತ್ತಿದ್ದ. ಎಲ್ಲಾ ಚಿಕ್ಕ ಚಿಕ್ಕ ವಿಷಯ, ಅಲ್ವಾ?

ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ಕ್ಲಾಸು ತುಂಬಾ ಮುಖ್ಯ, ಮುಂದೆ ಯಾವ ಬಗೆಯ ಶಾಲೆ ಅನ್ನುವುದು ಅದರ ಗ್ರೇಡಿನ ಮೇಲೆ ನಿಂತಿದೆ. ಇಲ್ಲಿನ ಗ್ರೇಡಿನಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ತೀರಾ ಕಳಪೆ. ಜರ್ಮನ್, ಗಣಿತ, ಪರಿಸರ ಪಾಠ, ಮೂರರ ಸರಾಸರಿ 2.33 ದಾಟಿದರೆ ಯೂನಿವರ್ಸಿಟಿಗೆ ದಾರಿಯಾಗುವ ಹೈಸ್ಕೂಲು, ಗಿಮ್ನಾಸಿಯಂ, ನೇರವಾಗಿ ಸಿಗುವುದಿಲ್ಲ. ಅದಕ್ಕಿಂತ ಒಂದು ಹಂತ ಕೆಳಗಿನ ರಿಯಾಲ್‌ಶೂಲೆಗೆ 2.66ರವರೆಗೆ. ಮೇ ಶುರುವಿನಲ್ಲಿ ಸರ್ಟಿಫಿಕೇಟ್ ಕೈಗೆ ಬರುತ್ತದೆ.

ಅದಕ್ಕೂ ಮುಂಚೆ ನವೆಂಬರಿನಲ್ಲಿ ಟೀಚರನ್ನು ನೋಡಲು ಹೋಗಿದ್ದೆವು. ಮಗ ನಡುವೆ ಕೂತಿದ್ದ. ಅವರು ನೋಟ್‌ಬುಕ್ ತೆರೆದು, ಕೆಂಪು ಗೆರೆಗಳ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಮಾತಾಡಿದರು. ಮಗ ನಮ್ಮ ಕಡೆ ತಿರುಗಿ "ಅಕ್ಷರ ಸ್ವಲ್ಪ ದುಂಡಗೆ ಬರೀಬೇಕಂತೆ" ಅಂದ. ನಾವು ನಕ್ಕು "ಡಾಂಕೆ", ಥ್ಯಾಂಕ್ಸ್, ಅಂದೆವು. ಟೀಚರ್ ನಮ್ಮ ಮುಖವನ್ನೇ ನೋಡುತ್ತಾ ಕೂತರು.

ಮೇ ತಿಂಗಳಲ್ಲಿ 3.00 ಬಂತು. ಬ್ಯಾಗಿನ ತಳದಲ್ಲಿ ಮಡಚಿಟ್ಟ ಮೂರು ಕಾಗದ ಸಿಕ್ಕವು. ಮೊಬೈಲಿನ ಅನುವಾದದ ಆ್ಯಪ್‌ನಲ್ಲಿ ಫೋಟೋ ಹಿಡಿದು ಓದಿದೆ. ಮೂರರಲ್ಲೂ ನಮ್ಮನ್ನು ಬಂದು ಕಾಣಿ ಅಂತ ಕೇಳಿದ್ದರು. ಆ ಆ್ಯಪ್ ಮೊದಲೂ ಇತ್ತು. ಮಗ ಇದ್ದಾನಲ್ಲ ಅಂತ ತೆರೆದೇ ಇರಲಿಲ್ಲ.

ಅವನ ಮೇಲೆ ಕೋಪ ಬರಲಿಲ್ಲ. ತನ್ನ ಮೇಲಿನ ದೂರನ್ನು ತಾನೇ ಅಪ್ಪ ಅಮ್ಮನಿಗೆ ಹೇಳು ಅಂತ ಒಂಬತ್ತು ವರ್ಷದ ಮಗುವನ್ನು ಕೂರಿಸಿದವರು ನಾವು. ಯುಗಾದಿಗೆ ಈಗಲೂ ಬೇವು ಬೆಲ್ಲ ತಿಂದು ಕಾಲಿಗೆ ನಮಸ್ಕಾರ ಮಾಡುತ್ತಾನೆ. ಶಾಲೆಯ ಮಾತೆತ್ತಿದರೆ "ನಿಂಗೆ ಗೊತ್ತಾಗಲ್ಲ ಬಿಡಪ್ಪ" ಅನ್ನುತ್ತಾನೆ. ಸಿಟ್ಟಿಲ್ಲದೆ, ಸಹಜವಾಗಿ ಹೇಳುತ್ತಾನೆ. ಅದೇ ಜಾಸ್ತಿ ನೋವು.

ದಯವಿಟ್ಟು ಗಂಡ ಹೆಂಡತಿ ಇಬ್ಬರೂ ಊರಲ್ಲಿರುವಾಗಲೇ ಜರ್ಮನ್ ಶುರು ಮಾಡಿ. ನಾನು ಈಗ ಫೋಕ್ಸ್‌ಹೋಕ್‌ಶೂಲೆ ಅನ್ನುವ ದೊಡ್ಡವರ ಕಲಿಕಾ ಕೇಂದ್ರದ ಸಂಜೆ ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದೇನೆ, ಇನ್ನೂ ಎ2, ಅಂದರೆ ಆರಂಭದ ಎರಡನೇ ಹಂತ. ಗುಂಪಿನಲ್ಲಿ ಜರ್ಮನ್ ಚೆನ್ನಾಗಿ ಬರುವವರು ಶಾಲೆಯ ಭೇಟಿಗೆ ಜೊತೆಗೆ ಬರಬಹುದಾ? ಈ ವರ್ಷ ನಾಲ್ಕನೇ ಕ್ಲಾಸಿನ ಮಕ್ಕಳಿರುವ ಮೂರು ಮನೆ ನನಗೇ ಗೊತ್ತು.