ನಮ್ಮ ತೋಟದ ಮಬ್ಬಿಗೆ ಯಾವ ಕ್ಯಾಮೆರಾ?

ಪ್ರಶ್ನೆ (ವಿರಾಜಪೇಟೆ ಕಡೆಯ ಸದಸ್ಯರು): ನಮಸ್ಕಾರ. ನಮ್ಮದು ಸಣ್ಣ ಕಾಫಿ ತೋಟ, ಜೊತೆಗೆ ಎರಡು ಕೋಣೆಯ ಹೋಂಸ್ಟೇ. ತೋಟಕ್ಕೆ ಬರುವ ಹಕ್ಕಿಗಳ ಫೋಟೊ ತೆಗೆಯಬೇಕು, ಮನೆಯ ಮದುವೆ, ಹುತ್ತರಿಯದ್ದೂ ತೆಗೆಯಬೇಕು ಅಂತ ಬಹಳ ದಿನದ ಆಸೆ. ಇಲ್ಲಿಯವರೆಗೆ ಮೊಬೈಲ್ ಮಾತ್ರ. ಕೈಯಲ್ಲಿರುವುದು 70 ಸಾವಿರ. ಅಂಗಡಿಯಲ್ಲಿ 83 ಪಟ್ಟು ಜೂಮ್ ಇರುವ ಒಂದು ಕ್ಯಾಮೆರಾ ತೋರಿಸಿ ‘ಹಕ್ಕಿಗೆ ಇದೇ ಸರಿ’ ಅಂದರು. ನೆಂಟರೊಬ್ಬರು 50 ಮೆಗಾಪಿಕ್ಸೆಲ್‌ಗಿಂತ ಕಡಿಮೆಯದ್ದು ಬೇಡವೇ ಬೇಡ ಅನ್ನುತ್ತಾರೆ. ನನ್ನ ಮೊಬೈಲಿನಲ್ಲೇ 50 ಇದೆಯಲ್ಲ, ಮತ್ತೆ 24 ಮೆಗಾಪಿಕ್ಸೆಲ್‌ನ ಕ್ಯಾಮೆರಾಕ್ಕೆ ಅಷ್ಟು ದುಡ್ಡು ಯಾಕೆ? ಬಲ್ಲವರು ತಿಳಿಸಿ.

ಉತ್ತರ (ಮಡಿಕೇರಿಯ ಛಾಯಾಗ್ರಾಹಕ, 22 ವರ್ಷದ ಕೆಲಸ): ಮೆಗಾಪಿಕ್ಸೆಲ್ಲನ್ನು ಸ್ವಲ್ಪ ಪಕ್ಕಕ್ಕಿಡಿ. ನಮ್ಮ ಊರಿನಲ್ಲಿ ಕ್ಯಾಮೆರಾ ಆರಿಸಬೇಕಾದದ್ದು ಮರದ ನೆರಳು ನೋಡಿ, ಆಮೇಲೆ ಮಳೆಗಾಲ ನೋಡಿ.

ಒಂದು ಲೆಕ್ಕ ಹೇಳುತ್ತೇನೆ. ಇದರಲ್ಲಿ ಐಎಸ್ಒ ಅಂದರೆ ಬಿದ್ದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸುತ್ತದೆ ಎನ್ನುವ ಅಂಕಿ, ಎಫ್ ಅಂದರೆ ಲೆನ್ಸಿನ ಕಿಂಡಿಯ ಅಂಕಿ, ಸೆಕೆಂಡ್ ಅಂದರೆ ಬೆಳಕು ಬಿಡುವ ಬಾಗಿಲು (ಶಟರ್) ತೆರೆದಿರುವ ಹೊತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಕಾಫಿ ಕಣದಲ್ಲಿ ನಿಂತರೆ ಐಎಸ್ಒ 100, ಎಫ್/16, 1/125 ಸೆಕೆಂಡಿಗೆ ಸರಿಯಾದ ಚಿತ್ರ ಬರುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ಇಳಿದು ಸಿಲ್ವರ್ ಓಕ್ ಕೆಳಗೆ, ಕಾಫಿ ಗಿಡಗಳ ಸಾಲಿಗೆ ಹೋಗಿ. ಬೆಳಕು ಅಳೆಯುವ ನನ್ನ ಮೀಟರ್ ಅಲ್ಲಿ ಎಷ್ಟೋ ಸಲ ಎಫ್/5.6, 1/15 ಸೆಕೆಂಡ್ ತೋರಿಸಿದೆ. ಅಂದರೆ ಬೆಳಕು 64 ಪಟ್ಟು ಕಡಿಮೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಅದು ನಮಗೆ ಗೊತ್ತೇ ಆಗುವುದಿಲ್ಲ. ಆ ನೆರಳಿನಲ್ಲಿ ಎಲೆ ಕೆದಕುತ್ತಾ ಕುಪ್ಪಳಿಸುವ ನವರಂಗ ಹಕ್ಕಿಯನ್ನು ಅಲುಗಾಡದಂತೆ ಹಿಡಿಯಲು 1/500 ಬೇಕು. 1/15ರಿಂದ 1/500ಕ್ಕೆ ಹೋಗುವಷ್ಟರಲ್ಲಿ ಐದು ಸಲ ಬೆಳಕನ್ನು ಅರ್ಧ ಮಾಡಿದ ಹಾಗಾಯಿತು. ಅದನ್ನು ಸರಿದೂಗಿಸಲು ಐಎಸ್ಒ 100ರಿಂದ 3200ಕ್ಕೆ ಏರಬೇಕು. ನಿಮ್ಮ ಕ್ಯಾಮೆರಾ 3200ರಲ್ಲಿ ಹೇಗೆ ಕಾಣುತ್ತದೆ ಎನ್ನುವುದೇ ನಿಮಗೆ ಮುಖ್ಯ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ, ಅದರದ್ದೇ ಪುಟ್ಟ ಪರದೆಯಲ್ಲಿ ನೋಡಿದರೆ ಅದು ಗೊತ್ತಾಗುವುದಿಲ್ಲ.

ಇದು ಯಾಕೆ ಹೀಗೆ ಅನ್ನುವುದಕ್ಕೆ ನಿಮ್ಮ ಅಂಗಳದ ಮಳೆಮಾಪಕವೇ ಸಾಕು. ಸೆನ್ಸರ್ ಅಂದರೆ ಒತ್ತೊತ್ತಾಗಿ ಇಟ್ಟ ಕೋಟಿಗಟ್ಟಲೆ ಮಳೆಮಾಪಕಗಳು. ಶಟರ್ ತೆರೆದಿರುವಷ್ಟು ಹೊತ್ತು ಬೆಳಕಿನ ಕಣಗಳು ಹನಿಗಳಂತೆ ಬೀಳುತ್ತವೆ, ಒಂದೊಂದು ಪಿಕ್ಸೆಲ್ಲೂ ತನಗೆ ಬಿದ್ದದ್ದನ್ನು ವಿದ್ಯುತ್ತಾಗಿ ಕೂಡಿಟ್ಟುಕೊಳ್ಳುತ್ತದೆ. ಶಟರ್ ಮುಚ್ಚಿದ ಮೇಲೆ ಸಾಲು ಸಾಲಾಗಿ ಅಳೆದು ಅಂಕಿ ಬರೆಯುತ್ತಾರೆ, ಅಷ್ಟೇ. ಈಗ ಯೋಚಿಸಿ: ಜುಲೈ ತಿಂಗಳ ಜಡಿಮಳೆಯಲ್ಲಿ ಪಕ್ಕಪಕ್ಕದ ಎರಡು ಮಾಪಕಗಳಲ್ಲಿ ವ್ಯತ್ಯಾಸವೇ ಕಾಣದು. ಆದರೆ ನಾಲ್ಕು ಹನಿ ಉದುರಿಸಿ ಹೋಗುವ ಮಳೆಯಲ್ಲಿ ಒಂದಕ್ಕೆ ಮೂರು ಹನಿ ಬಿದ್ದರೆ ಪಕ್ಕದ್ದಕ್ಕೆ ಆರು. ಮಬ್ಬಿನಲ್ಲಿ ತೆಗೆದ ಫೋಟೊದಲ್ಲಿ ಮರಳು ಚೆಲ್ಲಿದ ಹಾಗೆ ಕಾಣುವ ಕಾಳು ಇದೇ. ಸರಾಸರಿ 100 ಕಣ ಬೀಳುವ ಕಡೆ ಏರಿಳಿತ ಸುಮಾರು 10, ಅಂದರೆ ನೂರಕ್ಕೆ ಹತ್ತು. 10,000 ಕಣ ಬೀಳುವ ಕಡೆ ಏರಿಳಿತ ಸುಮಾರು 100, ನೂರಕ್ಕೆ ಒಂದೇ. ಐಎಸ್ಒ ಏರಿಸಿದರೆ ಹೆಚ್ಚು ಮಳೆ ಬರುವುದಿಲ್ಲ. ಬಿದ್ದ ಮೂರು, ಆರು ಹನಿಯನ್ನೇ ಹಿಗ್ಗಿಸಿ ತೋರಿಸುತ್ತದೆ, ಜೊತೆಗೆ ಅವುಗಳ ಅಂತರವನ್ನೂ ಹಿಗ್ಗಿಸುತ್ತದೆ.

ಹಾಗಾಗಿ ಒಟ್ಟು ಎಷ್ಟು ಅಗಲದ ಬಾಯಿಯಲ್ಲಿ ಹನಿ ಹಿಡಿಯುತ್ತೀರಿ ಎನ್ನುವುದು ಮುಖ್ಯ. ಅಂಗಡಿಯಲ್ಲಿ ತೋರಿಸಿದ 83 ಪಟ್ಟಿನ ಜೂಮ್ ಬಹುಶಃ ನಿಕಾನ್ ಪಿ950. ಅದರ ಸೆನ್ಸರ್ ಸುಮಾರು 6.2×4.6 ಮಿ.ಮೀ., ಅಂದರೆ 28 ಚದರ ಮಿ.ಮೀ. ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸರ್ ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ಗಳಲ್ಲಿ ಸುಮಾರು 23.5×15.6 ಮಿ.ಮೀ., ಅದರ 13 ಪಟ್ಟು. ಕ್ಯಾನನ್‌ನದ್ದು ಸ್ವಲ್ಪ ಚಿಕ್ಕದು. ಫುಲ್ ಫ್ರೇಮ್ ಅನ್ನುವ ಇನ್ನೂ ದೊಡ್ಡ ಸೆನ್ಸರ್ 36×24.

ಆ ಜೂಮ್ ಕ್ಯಾಮೆರಾ ಕೆಟ್ಟದ್ದೆಂದು ಮಾತ್ರ ನಾನು ಹೇಳುವುದಿಲ್ಲ. ಬೆಳಗಿನ ಬಿಸಿಲಿಗೆ ಎತ್ತರದ ಅತ್ತಿಮರದಲ್ಲಿ ಹಣ್ಣು ತಿನ್ನುತ್ತಾ ಕೂತ ಮಂಗಟ್ಟೆ ಹಕ್ಕಿಗೆ ಅದು ಒಳ್ಳೆಯ ಸಾಧನ. ಅಷ್ಟು ದೂರಕ್ಕೆ ಆ ಬೆಲೆಯಲ್ಲಿ ಬೇರೆ ಯಾವುದೂ ಸುಲಭಕ್ಕೆ ಮುಟ್ಟುವುದಿಲ್ಲ. ಆದರೆ ನೆರಳಿನೊಳಗೆ, ಸಂಜೆ, ಮಳೆಗಾಲದಲ್ಲಿ ಹಕ್ಕಿಯ ಗರಿಯೆಲ್ಲ ಕಲಸಿಹೋಗುತ್ತದೆ. ಹುತ್ತರಿಯ ರಾತ್ರಿಗಂತೂ ಆಗದು.

ಮೊಬೈಲಿನ 50 ಮೆಗಾಪಿಕ್ಸೆಲ್ ಬಗ್ಗೆ: ಅದು ಸಾಮಾನ್ಯವಾಗಿ ನಾಲ್ಕು ನಾಲ್ಕು ಪಿಕ್ಸೆಲ್ ಸೇರಿಸಿ ಕೊನೆಗೆ ಹನ್ನೆರಡೂವರೆಯ ಚಿತ್ರವನ್ನೇ ಕೊಡುತ್ತದೆ. ಒಂದರ ಹಿಂದೆ ಒಂದು ಹಲವು ಚಿತ್ರ ತೆಗೆದು ಬೆರೆಸುವುದರಿಂದ ನಿಂತ ವಸ್ತುವಿಗೆ ಚೆನ್ನಾಗಿರುತ್ತದೆ, ಕುಪ್ಪಳಿಸುವ ಹಕ್ಕಿಗೆ ಕೈಕೊಡುತ್ತದೆ. 24 ಮೆಗಾಪಿಕ್ಸೆಲ್ ಅಂದರೆ 6000×4000. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೂ 20 ಇಂಚು ಅಗಲದ ಪ್ರಿಂಟ್ ಆಗುತ್ತದೆ. ಹೋಂಸ್ಟೇಯ ಗೋಡೆಗೆ ಧಾರಾಳವಾಯಿತು.

ನನ್ನ ಸಲಹೆ ಇದು. 24 ಮೆಗಾಪಿಕ್ಸೆಲ್ ಆಸುಪಾಸಿನ ಎಪಿಎಸ್-ಸಿ ಬಾಡಿಯನ್ನು (ಲೆನ್ಸ್ ಬಿಟ್ಟ ಕ್ಯಾಮೆರಾ) ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳಿ, ನಿಮ್ಮ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಬಾಡಿಯೊಂದಕ್ಕೇ ಹೋಗಬಾರದು. ಹಕ್ಕಿಗೆ 70–300 ಮಿ.ಮೀ. ಲೆನ್ಸ್, ಅದೂ ಹಳೆಯದಾದರೆ ಸಾಕು. ಎಪಿಎಸ್-ಸಿಯಲ್ಲಿ 300 ಮಿ.ಮೀ.ಗೆ ಫುಲ್ ಫ್ರೇಮಿನ 450ರಷ್ಟು ಬಿಗಿಯಾದ ನೋಟ ಸಿಗುತ್ತದೆ. ಮನೆಯ ಕಾರ್ಯಕ್ರಮಕ್ಕೆ ಒಂದು 35 ಅಥವಾ 50 ಮಿ.ಮೀ., ಎಫ್/1.8. ಎಫ್ ಅಂಕಿ ಅಂದರೆ ಲೆನ್ಸಿನ ಫೋಕಲ್ ಉದ್ದವನ್ನು (ಈ ಮಿ.ಮೀ. ಅಂಕಿ) ಕಿಂಡಿಯ ಅಗಲದಿಂದ ಭಾಗಿಸಿದ್ದು. 50 ಮಿ.ಮೀ. ಲೆನ್ಸ್ ಎಫ್/2ಕ್ಕೆ ತೆರೆದರೆ ಕಿಂಡಿ 25 ಮಿ.ಮೀ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಬಾಡಿಯ ಜೊತೆ ಬರುವ ಜೂಮ್ ಲೆನ್ಸ್ ಎಳೆದಾಗ ಎಫ್/5.6ಕ್ಕೆ ನಿಲ್ಲುತ್ತದೆ. ಎಫ್/1.8 ಅದಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಬೆಳದಿಂಗಳಲ್ಲಿ ಗದ್ದೆಗಿಳಿದು ‘ಪೊಲಿ ಪೊಲಿ ದೇವಾ’ ಎನ್ನುತ್ತಾ ಕದಿರು ಕೊಯ್ಯುವ ಆ ಗಳಿಗೆ ಎರಡನೇ ಸಲ ಸಿಗುವುದಿಲ್ಲ. ಫ್ಲ್ಯಾಶ್ ಹೊಡೆದರೆ ದೀಪದ ಬೆಳಕೆಲ್ಲ ಸತ್ತುಹೋಗುತ್ತದೆ. ಅದಕ್ಕೆಂದೇ ಈ ಲೆನ್ಸ್ ಬೇಕು ಅನ್ನುತ್ತಿದ್ದೇನೆ.

ಐದು ಸಾವಿರ ಮಾತ್ರ ಮುಟ್ಟದೆ ಇಡಿ. ಅದು ಯಾಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಮರುಪ್ರಶ್ನೆ (ನಾಪೋಕ್ಲು): ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಹೋಯಿತು, ಎಲ್ಲ ಕನ್ನಡಿ ಇಲ್ಲದ ಮಿರರ್‌ಲೆಸ್ ಅನ್ನುತ್ತಾರಲ್ಲ?

ಉತ್ತರ: ಹೊಸ ಮಾದರಿಗಳು ಮಿರರ್‌ಲೆಸ್‌ನಲ್ಲೇ ಬರುತ್ತಿವೆ, ನಿಜ. ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವುದು ದೊಡ್ಡ ಅನುಕೂಲ. ಆದರೆ ಜನ ಅತ್ತ ಹೋಗುತ್ತಿರುವುದರಿಂದಲೇ ಒಳ್ಳೆಯ ಡಿಎಸ್‌ಎಲ್‌ಆರ್ ಬಾಡಿ, ಲೆನ್ಸ್‌ಗಳು ಕಡಿಮೆ ಬೆಲೆಗೆ ಕೈಬದಲಾಗುತ್ತಿವೆ. ಕನ್ನಡಿ ಇದ್ದರೂ ಇಲ್ಲದಿದ್ದರೂ ಸೆನ್ಸರ್ ಹಿಡಿಯುವ ಬೆಳಕು ಒಂದೇ. 70 ಸಾವಿರಕ್ಕೆ ನಾನಾದರೆ ಡಿಎಸ್‌ಎಲ್‌ಆರ್ ತೆಗೆದುಕೊಂಡು ಉಳಿದದ್ದನ್ನು ಲೆನ್ಸಿಗೆ ಹಾಕುತ್ತಿದ್ದೆ.

ಮರುಪ್ರಶ್ನೆ (ಸೋಮವಾರಪೇಟೆ, ಶಾಲಾ ಶಿಕ್ಷಕಿ): ಮಳೆಮಾಪಕದ ಹೋಲಿಕೆ ಮಕ್ಕಳಿಗೆ ಹೇಳುತ್ತೇನೆ. ಆದರೆ ಅದು ಎಷ್ಟು ಬಿತ್ತು ಅಂತ ಮಾತ್ರ ಹೇಳುತ್ತದಲ್ಲ, ಬಣ್ಣ ಹೇಗೆ ಗೊತ್ತಾಗುತ್ತದೆ?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. ಸೆನ್ಸರಿಗೆ ಬಣ್ಣವೇ ಕಾಣದು. ಪ್ರತಿ ಪಿಕ್ಸೆಲ್ ಮೇಲೂ ಕೆಂಪು, ಹಸಿರು, ನೀಲಿಯಲ್ಲಿ ಒಂದು ಬಣ್ಣದ ಗಾಜಿನಂಥ ಪರದೆ ಹೊದಿಸಿರುತ್ತಾರೆ. ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಮಾಡಿದ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಅರ್ಧ ಭಾಗ ಹಸಿರು, ಕಾಲು ಕೆಂಪು, ಕಾಲು ನೀಲಿ, ಯಾಕೆಂದರೆ ನಮ್ಮ ಕಣ್ಣು ಬೆಳಕಿನ ಸೂಕ್ಷ್ಮವನ್ನು ಹೆಚ್ಚಾಗಿ ಗುರುತಿಸುವುದು ಹಸಿರಿನಲ್ಲಿ. ಒಂದು ಪಿಕ್ಸೆಲ್ಲಿಗೆ ಸಿಗದ ಉಳಿದ ಎರಡು ಬಣ್ಣವನ್ನು ನೆರೆಯವರನ್ನು ನೋಡಿ ಲೆಕ್ಕ ಹಾಕುತ್ತಾರೆ. ಮಕ್ಕಳಿಗೆ ಇದನ್ನೂ ಹೇಳಿ: 1975ರಲ್ಲಿ ಅದೇ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು 100×100, ಬರೀ ಹತ್ತು ಸಾವಿರ ಪಿಕ್ಸೆಲ್. ಒಂದು ಕಪ್ಪುಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್ ಹಿಡಿಯುತ್ತಿತ್ತು.

ಬಣ್ಣದ ಮಾತು ಬಂದದ್ದರಿಂದ ಇನ್ನೊಂದು. ತೋಟದೊಳಗೆ ನಿಲ್ಲಿಸಿ ತೆಗೆದವರ ಮುಖ ಹಸಿರು ತಿರುಗಿರುತ್ತದೆ, ಎಲೆಗಳಿಂದ ಸೋಸಿ ಬಂದ ಬೆಳಕು ಅದು. ಒಂದು ಬಿಳಿ ಕಾಗದ ಅಲ್ಲೇ ಹಿಡಿಸಿ, ಬಿಳಿ ಬಿಳಿಯಾಗಿಯೇ ಕಾಣುವಂತೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ಇಲ್ಲವೇ ಸೆನ್ಸರ್ ಅಳೆದದ್ದನ್ನು ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಜೆಪಿಇಜಿಯಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384. ತಿದ್ದಲು ಜಾಗ ಇರುತ್ತದೆ.

ಮರುಪ್ರಶ್ನೆ (ಗೋಣಿಕೊಪ್ಪ): ನನ್ನ ಲೆನ್ಸಿನೊಳಗೆ ಜೇಡರ ಬಲೆಯಂಥದ್ದು ಬಂದಿದೆ. ಹೊರಗಿನಿಂದ ಒರೆಸಿದರೆ ಹೋಗುತ್ತಿಲ್ಲ.

ಉತ್ತರ: ಫಂಗಸ್. ಐದು ಸಾವಿರ ತೆಗೆದಿಡಿ ಅಂದದ್ದು ಇದಕ್ಕೇ. ಗೋಣಿಯಲ್ಲಿಟ್ಟ ಕಾಳುಮೆಣಸಿಗೆ ಬೂಷ್ಟು ಬರುವ ಹಾಗೆ ಗಾಜಿಗೂ ಬರುತ್ತದೆ. ಬರೀ ಬಲೆಯಾದರೆ ಬಿಚ್ಚಿ ತೊಳೆಯಬಹುದು. ಆದರೆ ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪನವನ್ನು ತಿಂದುಹಾಕಿದರೆ ಆ ಕಲೆ ಹೋಗುವುದಿಲ್ಲ. ತಡಮಾಡದೆ ಲೆನ್ಸ್ ಬಿಚ್ಚಲು ಬಲ್ಲವರಿಗೆ ಕೊಡಿ, ಅಲ್ಲಿಯವರೆಗೆ ಬೇರೆ ಲೆನ್ಸ್‌ಗಳಿಂದ ದೂರ ಇಡಿ.

ನಾನು ಕೆಲಸ ಶುರುಮಾಡಿದ ಎರಡನೇ ವರ್ಷ ಸಾಲ ಮಾಡಿ ತಂದ ಲೆನ್ಸನ್ನು ಅದರ ಚರ್ಮದ ಚೀಲದಲ್ಲೇ, ಬಟ್ಟೆಯ ಬೀರುವಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟುಬಿಟ್ಟೆ. ತೆಗೆದು ನೋಡಿದಾಗ ಹೊಟ್ಟೆ ಉರಿದುಹೋಯಿತು. ಚರ್ಮ, ಬಟ್ಟೆ ಎರಡೂ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಅವುಗಳಷ್ಟು ಕೆಟ್ಟ ಜಾಗ ಇನ್ನಿಲ್ಲ.

ಮಾಡಬೇಕಾದದ್ದು: ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮೀಟರ್. ಕಾಫಿಯ ಮಾಯಿಶ್ಚರ್ ನೋಡುವಷ್ಟೇ ಶ್ರದ್ಧೆಯಿಂದ ಇದನ್ನೂ ನೋಡಿ. ಗಾಳಿಯ ತೇವಾಂಶ 40ರಿಂದ 50 ಪರ್ಸೆಂಟ್ ಒಳಗಿರಲಿ. ತೀರಾ ಒಣಗಿಸಿದರೆ ರಬ್ಬರಿಗೆ ಒಳ್ಳೆಯದಲ್ಲ. ನೀಲಿ ಜೆಲ್ ಗುಲಾಬಿಯಾದರೆ ನೀರು ಕುಡಿದಿದೆ ಎಂದರ್ಥ, ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿ ಮಾಡಿಕೊಳ್ಳಿ. ಅದರ ಬಣ್ಣ ವಿಷ, ಅಡುಗೆಯ ಬಾಣಲೆ ಬಳಸಬೇಡಿ. ಕರೆಂಟಿನ ಡ್ರೈ ಕ್ಯಾಬಿನೆಟ್ ಇನ್ನೂ ಒಳ್ಳೆಯದೇ, ಆದರೆ ನಮ್ಮಲ್ಲಿ ಮಳೆಗಾಲದಲ್ಲಿ ಕಂಬ ಬಿದ್ದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ನನ್ನ ಲೆನ್ಸ್‌ಗಳನ್ನು ಉಳಿಸಿದ್ದು ಡಬ್ಬಿಯೇ. ಮಾಂದಲ್‌ಪಟ್ಟಿಯ ಮಂಜಿನಲ್ಲಿ ತಿರುಗಿ ಬಂದ ದಿನ ಕ್ಯಾಮೆರಾವನ್ನು ಚೆನ್ನಾಗಿ ಒರೆಸಿ, ಒಂದೆರಡು ಗಂಟೆ ಫ್ಯಾನ್ ಕೆಳಗಿಟ್ಟು ಆಮೇಲೆ ಡಬ್ಬಿಗೆ ಹಾಕಿ.

ಮರುಪ್ರಶ್ನೆ (ಮಡಿಕೇರಿ): ದಸರಾ ಮಂಟಪಗಳ ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುತ್ತದೆ. ಕ್ಯಾಮೆರಾ ಹಾಳಾಗಿದೆಯೇ?

ಉತ್ತರ: ಇಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಅದರ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ದೀಪ ಮಂಕಾದ ಗಳಿಗೆಯ ಸಾಲುಗಳು ಪಟ್ಟೆಯಾಗುತ್ತವೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ 1/100 ಅಥವಾ 1/50ರಲ್ಲಿ ತೆಗೆಯಿರಿ. ಕೆಲವು ಎಲ್‌ಇಡಿಗಳು ಬೇರೆ ವೇಗದಲ್ಲಿ ಮಿನುಗುತ್ತವೆ, ಅಲ್ಲಿ ವೇಗವನ್ನು ಸ್ವಲ್ಪ ಸ್ವಲ್ಪ ಬದಲಿಸಿ ನೋಡಬೇಕು.

ಮೊದಲ ಪ್ರಶ್ನೆ ಕೇಳಿದವರು: ಎಲ್ಲ ಓದಿದೆ, ತುಂಬಾ ಉಪಕಾರವಾಯಿತು. ಕುಶಾಲನಗರದಲ್ಲಿ ಒಬ್ಬರ ಹತ್ತಿರ ಹಳೆಯ ಡಿಎಸ್‌ಎಲ್‌ಆರ್, 70–300 ಎರಡೂ ಇವೆಯಂತೆ. ಭಾನುವಾರ ಹೋಗುತ್ತೇನೆ. ಏನು ನೋಡಬೇಕು? ಇನ್ನೊಂದು, ಮುಂದಿನ ತಿಂಗಳು ತಮ್ಮನ ಮದುವೆ.

ಉತ್ತರ: ಒಂದು ಟಾರ್ಚ್ ಒಯ್ಯಿರಿ. ಲೆನ್ಸಿನ ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಎಳೆ ಎಳೆ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ ಕೇಳಿ. ಈ ಬಗೆಯ ಬಾಡಿಗಳನ್ನು ಸಾಮಾನ್ಯವಾಗಿ 1ರಿಂದ 2 ಲಕ್ಷ ಸಲಕ್ಕೆ ಮಾಡಿರುತ್ತಾರೆ, 40 ಸಾವಿರದ ಒಳಗಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಎಫ್/16ಕ್ಕೆ ಇಟ್ಟು ಬರಿ ಆಕಾಶದ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ಸೆನ್ಸರಿನ ಮೇಲೆ ಕೊಳೆ ಇದ್ದರೆ ಕಪ್ಪು ಚುಕ್ಕಿಯಾಗಿ ಕಾಣುತ್ತದೆ.

ಮದುವೆಗೆ ಇದೊಂದು ನೆನಪಿಡಿ. ಕ್ಯಾಮೆರಾ ಮೀಟರ್ ಕಂಡದ್ದನ್ನೆಲ್ಲ ನಡುಬೂದು ಅಂದುಕೊಳ್ಳುತ್ತದೆ. ಮದುಮಗನ ಬಿಳಿ ಕುಪ್ಯ (ಕೊಡವರ ಉದ್ದ ನಿಲುವಂಗಿ) ಫ್ರೇಮ್ ತುಂಬಿದರೆ ಅದನ್ನು ಬೂದು ಮಾಡಿಬಿಡುತ್ತದೆ, ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ +1ಕ್ಕೆ ಇಡಿ. ಕಪ್ಪು ಕುಪ್ಯ ತೊಟ್ಟ ನೆಂಟರು ಸಾಲಾಗಿ ನಿಂತರೆ ಕಪ್ಪೂ ಬೂದಾಗುತ್ತದೆ, ಮುಖಗಳು ಬೆಳ್ಳಗೆ ಸುಟ್ಟುಹೋಗುತ್ತವೆ, ಅಲ್ಲಿ −1. ಹೂಮಳೆ ಆದ ಮೇಲೆ ಕಾಫಿ ಹೂವಿಗೂ ಇದೇ +1. ಭಾನುವಾರ ತೆಗೆದ ಆಕಾಶದ ಫೋಟೊ, ಟಾರ್ಚ್ ಹಿಡಿದ ಲೆನ್ಸಿನ ಫೋಟೊ ಎರಡನ್ನೂ ಇಲ್ಲೇ ಹಾಕಿ, ದುಡ್ಡು ಕೊಡುವ ಮೊದಲು ನೋಡಿ ಹೇಳುತ್ತೇನೆ.