ಬೆಳಿಗ್ಗೆ ಓದಿದ ವಾಕ್ಯ ಪಾಳಿ ಮುಗಿಯುವವರೆಗೆ ಉಳಿಯುವುದು ಹೇಗೆ?

ಪ್ರಶ್ನೆ, ಸಂಡೂರು ಕಡೆಯಿಂದ:
ಗಣಿಯಲ್ಲಿ ಪಾಳಿ ಕೆಲಸ. ವರ್ಷದೊಳಗೆ ಇಡೀ ಬೈಬಲ್ ಮುಗಿಸುವ ಪಟ್ಟಿ ಹಿಡಿದು ದಿನವೂ ಓದುತ್ತಿದ್ದೇನೆ. ಗೇಟಿನೊಳಗೆ ಕಾಲಿಟ್ಟರೆ ಸಾಕು, ಏನು ಓದಿದೆನೆಂಬುದೇ ನೆನಪಿಗೆ ಬರುವುದಿಲ್ಲ. ಸಿಡುಕು ಹಾಗೆಯೇ ಇದೆ, ಮೇಸ್ತ್ರಿಯ ಮೇಲಿನ ಕೋಪವೂ ಹಾಗೆಯೇ ಇದೆ. ಓದಿದ್ದು ಬದುಕಿಗೆ ಇಳಿಯಲು ನೀವೆಲ್ಲ ಏನು ಮಾಡುತ್ತೀರಿ? ಉಪದೇಶ ಬೇಡ, ಅದು ಭಾನುವಾರ ಧಾರಾಳವಾಗಿ ಸಿಗುತ್ತದೆ. ಅನುಭವ ಹೇಳಿ.

ರಾಯಚೂರಿನಿಂದ, ನಿವೃತ್ತ ಶಿಕ್ಷಕ:
ತಮ್ಮಾ, ಮೊದಲು ಆ ಪಟ್ಟಿಯನ್ನು ಬದಿಗಿಡು. ನಾವು ಓದುವ ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, 1,189 ಅಧ್ಯಾಯಗಳಿವೆ. ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು. ರಾತ್ರಿ ಪಾಳಿ ಮುಗಿಸಿ ಬಂದವನು ವಿಧಿನಿಯಮಗಳೇ ತುಂಬಿರುವ ಯಾಜಕಕಾಂಡ ತೆರೆದು ಕೂತರೆ ಕಣ್ಣು ಸಾಲುಗಳ ಮೇಲೆ ಓಡುತ್ತದೆ, ಮನಸ್ಸು ಆಗಲೇ ಮಲಗಿರುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನಿಮ್ಮ ಬಳ್ಳಾರಿಗೆ ಬಂದು ಕನ್ನಡ ಅನುವಾದಕ್ಕೆ ತೊಡಗಿದ ಮೇಲೆ, ಇಡೀ ಬೈಬಲ್ ಅಚ್ಚಾಗಿ ಹೊರಬರುವಾಗ 1831 ಆಗಿತ್ತು. ಅಷ್ಟು ವರ್ಷ ಹಿಡಿದ ಪುಸ್ತಕವನ್ನು ಹನ್ನೆರಡು ತಿಂಗಳಲ್ಲಿ ಮುಗಿಸುವ ಅವಸರ ಯಾರಿಗಾಗಿ?

ನಮ್ಮ ಮನೆಯಲ್ಲಿ ಊಟವಾದ ಮೇಲೆ ಕುಟುಂಬ ಪ್ರಾರ್ಥನೆ. ಒಂದು ರಾತ್ರಿಗೆ ಒಂದೇ ಪ್ರಸಂಗ. ಮಾರ್ಕನ ಸುವಾರ್ತೆ ಇದಕ್ಕೆ ಹೇಳಿ ಮಾಡಿಸಿದ್ದು, 16 ಅಧ್ಯಾಯ, ಎಲ್ಲವೂ ಚುರುಕಾಗಿ ಸಾಗುತ್ತದೆ. ಓದುವವಳು ಮೊಮ್ಮಗಳು, ತಡವರಿಸಿದರೆ ನಾನು ತಿದ್ದುವುದಿಲ್ಲ, ಶಿಕ್ಷಕನಾಗಿದ್ದವನಿಗೆ ಅದೇ ದೊಡ್ಡ ತಪಸ್ಸು. ಓದು ಮುಗಿದ ಮೇಲೆ ಒಂದೇ ಪ್ರಶ್ನೆ: ಈ ಪ್ರಸಂಗದಲ್ಲಿ ನೀನು ಯಾರು? ಎರಡನೆಯ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಜನ ಕಿಕ್ಕಿರಿದಿದ್ದರಿಂದ ಚಾವಣಿ ತೆಗೆದು ಅವನನ್ನು ಕೆಳಗಿಳಿಸುತ್ತಾರಲ್ಲ, ಅಲ್ಲಿ ಅವಳು ತಾನು ಆ ಮನೆಯವಳು ಎಂದಳು. ‘ತಾತಾ, ಆಮೇಲೆ ಚಾವಣಿ ಯಾರು ಸರಿ ಮಾಡಿದರು?’ ನನ್ನ ಬಳಿ ಉತ್ತರವಿರಲಿಲ್ಲ, ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಓಣಿಯಲ್ಲೇ ಗಾಳಿಗೆ ತಗಡು ಹಾರಿಹೋದ ಮನೆಯೊಂದಿತ್ತು. ನಾನೂ ಮಗನೂ ಏಣಿ ಹಿಡಿದು ಹೋದದ್ದು ಆ ಪ್ರಶ್ನೆಯಿಂದಲೇ.

ಹಗಲಿಗೆ ಬೇಕಾದರೆ ಕೀರ್ತನೆ 119 ಇದೆ. 176 ವಾಕ್ಯಗಳು, ಎಂಟೆಂಟರ 22 ಭಾಗಗಳು. ದಿನಕ್ಕೊಂದು ಭಾಗ ಸಾಕು.

ಬಳ್ಳಾರಿ ಕೌಲ್ ಬಜಾರಿನಿಂದ:
ಬ್ರದರ್, ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಪೀಸ್ ಲೆಕ್ಕದ ಕೂಲಿ, ಶನಿವಾರ ಬಟವಾಡೆ. ನಾನು ವಾಕ್ಯವನ್ನು ಬೈಬಲ್ಲಿನೊಳಗೆ ಬಿಟ್ಟು ಬರುವುದಿಲ್ಲ, ಕೂಲಿ ಬರೆಯುವ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಯಾಕೋಬನ ಪತ್ರಿಕೆ 5:4, ಅಂದರೆ ಐದನೆಯ ಅಧ್ಯಾಯದ ನಾಲ್ಕನೆಯ ವಾಕ್ಯ. ಕೊಯ್ಲಿನವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಎನ್ನುತ್ತದೆ. ಅದರ ಕೆಳಗೆ ಧರ್ಮೋಪದೇಶಕಾಂಡ 24:15, ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡು ಎಂಬುದು.

ವ್ಯಾಪಾರಿ ಹಣ ಕಳಿಸದ ವಾರ ‘ಮುಂದಿನ ಶನಿವಾರ ನೋಡೋಣ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ. ಎದುರಿಗೆ ಹೊಲಿಗೆಯವರು ನಿಂತಿರುತ್ತಾರೆ, ಕೆಲವರ ಬಟ್ಟೆಯ ಮೇಲೆ ನೀಲಿ ನೂಲಿನ ತುಣುಕುಗಳು ಇನ್ನೂ ಅಂಟಿಕೊಂಡಿರುತ್ತವೆ. ಲೆಕ್ಕ ಹೇಳಬೇಕಾದರೆ ಆ ಪುಸ್ತಕವನ್ನು ತೆರೆಯಲೇಬೇಕು, ತೆರೆದರೆ ಮೊದಲ ಪುಟವೇ ಕಣ್ಣಿಗೆ ಬೀಳುತ್ತದೆ. ಮನೆಖರ್ಚಿನ ಹಣ ತೆಗೆದು ಆದಷ್ಟು ಕೊಡುತ್ತೇವೆ, ಬಾಕಿಗೆ ಇಂಥ ದಿನ ಎಂದು ಹೇಳಿ ಅವರೆದುರೇ ಬರೆಯುತ್ತೇವೆ. ಹೆಂಡತಿ ಗೊಣಗುತ್ತಾಳೆ, ಅವಳು ಗೊಣಗುವುದೂ ನ್ಯಾಯವೇ. ಧ್ಯಾನ ಎಂದರೆ ಮನಸ್ಸಿಗೆ ಹಿತವಾಗುವುದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನನಗಂತೂ ಅದು ಬಹಳ ಸಲ ಕಿಸೆಗೆ ಭಾರ.

ನಿಮಗೆ ಬೇಕಾದದ್ದು ಅದೇ ಪತ್ರಿಕೆಯ 1:19: ಕೇಳುವುದಕ್ಕೆ ಚುರುಕು, ಮಾತಿಗೂ ಕೋಪಕ್ಕೂ ನಿಧಾನ. ಮೇಸ್ತ್ರಿಯ ಮುಖ ನೋಡುವ ಮೊದಲು ಅದು ಕಣ್ಣಿಗೆ ಬೀಳುವ ಜಾಗ ಹುಡುಕಿ.

ಮುದಗಲ್ಲಿನಿಂದ:
ಮೇಲಿನವರ ಬಗ್ಗೆ ಗೌರವವಿದೆ, ಆದರೂ ನನ್ನದೊಂದು ತಕರಾರು. ನಾವೇ ಆರಿಸಿದ ವಾಕ್ಯ ಕ್ರಮೇಣ ಗೋಡೆಯ ಹಳೆಯ ಕ್ಯಾಲೆಂಡರಿನಂತಾಗುತ್ತದೆ, ಇರುತ್ತದೆ, ಯಾರೂ ನೋಡುವುದಿಲ್ಲ. ಜೊತೆಗೆ ನಮಗೆ ಒಗ್ಗುವುದನ್ನೇ ಆರಿಸುವ ಚಾಳಿ ಬೇರೆ. ನಮ್ಮದು ಆದಿಲ್‌ಶಾಹಿಗಳ ಕಾಲದಿಂದ ಕಥೋಲಿಕರಿರುವ ಊರು. ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಪೂಜೆಯಲ್ಲಿ, ಓದುವ ಬೈಬಲ್ ಭಾಗಗಳನ್ನು ಧರ್ಮಸಭೆಯೇ ಗೊತ್ತುಮಾಡುತ್ತದೆ. ಭಾನುವಾರದ್ದು ಮೂರು ವರ್ಷಗಳ ಸುತ್ತು. ಹಾಗಾಗಿ ಶತ್ರುವನ್ನು ಪ್ರೀತಿಸಿ ಎಂಬ ಭಾಗವನ್ನು ದಾಯಾದಿಗಳ ಜೊತೆ ಹೊಲದ ಜಗಳ ನಡೆಯುತ್ತಿರುವಾಗಲೇ ಕೇಳಬೇಕಾಗುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ವಿಧಾನ ಹಳೆಯದು. 12ನೆಯ ಶತಮಾನದ ಗೀಗೋ ಎಂಬ ಸನ್ಯಾಸಿ ಇದನ್ನು ನಾಲ್ಕು ಮೆಟ್ಟಿಲಾಗಿ ಬರೆದಿಟ್ಟ: ಓದು, ಮನನ, ಪ್ರಾರ್ಥನೆ, ಆಮೇಲೆ ದೇವರೆದುರು ಸುಮ್ಮನೆ ಇರುವುದು. ನಾನು ಆ ದಿನದ ಶುಭಸಂದೇಶವನ್ನು, ಅಂದರೆ ಸುವಾರ್ತೆಯ ಭಾಗವನ್ನು, ಗಟ್ಟಿಯಾಗಿ ಓದುತ್ತೇನೆ, ಎಲ್ಲಿ ಮುಳ್ಳು ಚುಚ್ಚಿತೋ ಅಲ್ಲೇ ನಿಲ್ಲುತ್ತೇನೆ. ನಾಲ್ಕನೆಯ ಮೆಟ್ಟಿಲಿನಲ್ಲಿ ಹಲವು ಬಾರಿ ನಿದ್ದೆ ಬರುತ್ತದೆ. ಫಾದರ್ ಹತ್ತಿರ ಹೇಳಿದಾಗ ‘ಬರಲಿ ಬಿಡಿ’ ಎಂದು ನಕ್ಕರು.

ಗಂಗಾವತಿಯಿಂದ, ನರ್ಸ್:
ಇಷ್ಟೆಲ್ಲ ಪುರುಸೊತ್ತು ನನಗಿಲ್ಲ. ಬೆಳಿಗ್ಗೆ ಒಂದು ವಾಕ್ಯ, ವಾರ್ಡಿನಲ್ಲಿ ಕೈ ತೊಳೆಯುವಾಗಲೆಲ್ಲ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ನಮ್ಮ ಕೆಲಸದಲ್ಲಿ ಕೈ ತೊಳೆಯುವುದಕ್ಕೆ ಕೊನೆಯಿಲ್ಲ, ಹಾಗಾಗಿ ವಾಕ್ಯವೂ ಮರೆಯುವುದಿಲ್ಲ. ಮಲಗುವ ಮೊದಲು ಇಂದು ಯಾರ ಮೇಲೆ ರೇಗಿದೆ, ಯಾರಿಗೆ ಒಳ್ಳೆಯ ಮಾತು ಹೇಳಿದೆ ಎಂದು ನೆನೆದು ದೇವರ ಮುಂದಿಡುತ್ತೇನೆ. ದಿನ ತಪ್ಪಿದರೆ ಲೆಕ್ಕ ಇಡುವುದಿಲ್ಲ.

ಮತ್ತೆ ಸಂಡೂರಿನಿಂದ:
ಎಲ್ಲರಿಗೂ ವಂದನೆಗಳು. ಪಟ್ಟಿ ಬಿಟ್ಟಿದ್ದೇನೆ. 1:19ನ್ನು ಚೀಟಿಯಲ್ಲಿ ಬರೆದು ಹೆಲ್ಮೆಟ್ಟಿನ ಒಳಗೆ ಅಂಟಿಸಿದ್ದೇನೆ, ತಲೆಗೆ ಹಾಕುವಾಗ ಕಾಣುತ್ತದೆ. ಒಂದು ಅನುಮಾನ ಉಳಿದಿದೆ. ಮೇಸ್ತ್ರಿ ನನ್ನ ವಾರದ ರಜೆಯನ್ನು ತನಗೆ ಬೇಕಾದವರಿಗೆ ಬರೆದುಕೊಡುತ್ತಾನೆ. ಅದಕ್ಕೂ ಸುಮ್ಮನಿರಬೇಕೇ?

ಕೌಲ್ ಬಜಾರಿನಿಂದ:
ಯಾಕೆ ಸುಮ್ಮನಿರಬೇಕು? ಕೂಲಿಯ ಬಗ್ಗೆ ಅಷ್ಟು ಖಾರವಾಗಿ ಬರೆದವನೂ ಅದೇ ಯಾಕೋಬ. ಮತ್ತಾಯ 18:15 ಓದಿ. ತಪ್ಪು ಮಾಡಿದ ಸಹೋದರನ ಬಳಿ ಹೋಗಿ, ನೀವಿಬ್ಬರೇ ಇರುವಾಗ ತಿಳಿಸಿ ಹೇಳು ಎನ್ನುತ್ತದೆ. ಸಭೆಯೊಳಗಿನವರಿಗೆ ಹೇಳಿದ ಮಾತಾದರೂ ಮೇಸ್ತ್ರಿಗೂ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಚಹಾದ ಹೊತ್ತಿನಲ್ಲಿ ಎಲ್ಲರೆದುರು ಬೇಡ. ಪಾಳಿ ಬದಲಾಗುವ ಮೊದಲು ಒಬ್ಬನೇ ಸಿಕ್ಕಾಗ ಮಾತಾಡಿ, ರಜೆಯ ದಿನಾಂಕಗಳನ್ನು ಬರೆದುಕೊಂಡು ಹೋಗಿ. ಕೇಳದಿದ್ದರೆ ಎರಡನೆಯ ಸಲ ಇನ್ನೊಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅದೂ ಮುಂದಿನ ವಾಕ್ಯದಲ್ಲೇ ಇದೆ.